ಬೇರೆ ಅಳತೆಯ ಬಳೆ

ಬೀಳಗಿ
೩ ಆಗಸ್ಟ್ ೨೦೨೫

ಅಪ್ಪಾ,

ನಿಮ್ಮ ಅಕ್ಕೂಳ ಹೊಟ್ಟೆ ತುಂಬಿದೆ. ಅದಕ್ಕೇ ಕ್ಷೇಮ ಕೇಳುವ ಮೊದಲು ಉಂಡಿಯ ಸುದ್ದಿ.

ಪಂಚಮಿಯ ಗಂಟು ಹಬ್ಬದ ಹಿಂದಿನ ದಿನವೇ ಬಂತು. ಕಂಡಕ್ಟರ್ ಹಾಲೇಶಣ್ಣ ಬಸ್ಸಿನ ಬಾಗಿಲಲ್ಲೇ ನಿಂತು, "ಅಕ್ಕಾರ, ತವರಮನಿ ಗಂಟು ಬಂತ್ ನೋಡ್ರಿ" ಎಂದು ಇಡೀ ಸ್ಟ್ಯಾಂಡಿಗೆ ಕೇಳುವಂತೆ ಕೂಗಿ ಕೊಟ್ಟ. ಶೇಂಗಾ ಉಂಡಿ, ಎಳ್ಳುಂಡಿ, ರವೆ ಉಂಡಿ, ಅಳ್ಳಿಟ್ಟು ಎಲ್ಲ ಇದ್ದವು. ವೀರೇಶ ನನಗೆ ಎಳ್ಳುಂಡಿ ಒಂದೂ ಉಳಿಸಲಿಲ್ಲ. ಮದುವೆಯಾಗಿ ಎಂಟು ವರ್ಷವಾದರೂ ಮಾವನ ಮನೆಯ ಉಂಡಿ ಎಂದರೆ ಈ ಮನುಷ್ಯನಿಗೆ ಇನ್ನೂ ಮೊದಲ ಪಂಚಮಿ. ಅವ್ವ ಎಂದಿನಂತೆ ತನ್ನ ಹಳೆಯ ಸೀರೆಯ ತುಂಡಿನಲ್ಲಿ ಗಂಟು ಕಟ್ಟಿ, ಗುರುತಿಗೆ ಹಸಿರು ದಾರ ಸುತ್ತಿದ್ದಳು. ಈ ಸಲ ನೀಲಿ ಸೀರೆಯ ಸರದಿ.

ಆದರೆ ಬಳೆ ಯಾರ ಕೈಗೆ ಕಳಿಸಿದ್ದೀರಿ? ಹನ್ನೆರಡು ಹಸಿರು ಗಾಜಿನ ಬಳೆ, ಎಲ್ಲವೂ ಸವಾ ಎರಡರ ಅಳತೆ. ನನ್ನ ಕೈ ಎರಡೂವರೆ ಎಂದು ಬಳೆಗಾರ ಮುತ್ತಪ್ಪಜ್ಜನಿಗೆ ಕಣ್ಣು ಮುಚ್ಚಿದರೂ ಗೊತ್ತು. ಸೋಪು ಹಚ್ಚಿ ತೊಡಲು ಹೋಗಿ ಎರಡು ಒಡೆದವು. ಅವ್ವನಿಗೆ ಹೇಳಬೇಡಿ, ಹಬ್ಬದ ಬಳೆ ಒಡೆಯಿತು ಎಂದು ತಿಂಗಳುಗಟ್ಟಲೆ ಕೊರಗುತ್ತಾಳೆ.

ಇನ್ನೊಂದು ಸುದ್ದಿ. ಸೆಪ್ಟೆಂಬರ್ ಇಪ್ಪತ್ತಕ್ಕೆ ರಬಕವಿಯಲ್ಲಿ, ನಾನು ಕಲಿತ ಹೈಸ್ಕೂಲಿನಲ್ಲೇ, ಮಕ್ಕಳಿಗೆ ಉಪನ್ಯಾಸ ಕೊಡಲು ಕರೆದಿದ್ದಾರೆ. ವಿಷಯ ಕಪ್ಪು ದ್ರವ್ಯ. ಜಗತ್ತಿನಲ್ಲಿ ನಾವು ನೋಡಿರದ, ಆದರೆ ಇದೆ ಎಂದು ಖಚಿತವಾಗಿ ಹೇಳುವ ಒಂದು ವಸ್ತು. ನೀವು ಮೊದಲ ಸಾಲಿನಲ್ಲಿ ಕೂರಬೇಕು. ಫೋನಿನಲ್ಲಿ ಹೇಳಬಹುದಿತ್ತು, ಆದರೆ ಧಾರವಾಡದ ಹಾಸ್ಟೆಲಿಗೆ ವಾರಕ್ಕೊಂದು ಕಾಗದ ಹಾಕಿ ಈ ಚಟ ಹಿಡಿಸಿದವರು ನೀವೇ.

ನಿಮ್ಮ ಅಕ್ಕೂ


ರಬಕವಿ
೯ ಆಗಸ್ಟ್ ೨೦೨೫

ಮಗಳೇ ಅಕ್ಕೂ,

ಕಾಗದ ತಲುಪಿತು. ನಮ್ಮ ಹೈಸ್ಕೂಲಿನಲ್ಲಿ ನಿನ್ನ ಭಾಷಣ ಎಂದು ಪೇಟೆಯಲ್ಲಿ ಹೇಳದ ಅಂಗಡಿ ಉಳಿದಿಲ್ಲ. ಸೀರೆ ಮಾರುವ ಬಾಳಾಸಾಹೇಬನ ಮಗಳು ಆಕಾಶದ ಲೆಕ್ಚರ್ ಕೊಡುತ್ತಾಳೆಂದರೆ ಸಣ್ಣ ಮಾತೇ?

ಬಳೆಯ ವಿಷಯ. ಮುತ್ತಪ್ಪನಿಗೆ ವಯಸ್ಸಾಯಿತು. ಹಬ್ಬದ ಗದ್ದಲದಲ್ಲಿ ಡಬ್ಬಿ ಅದಲುಬದಲಾಗಿರಬೇಕು. ನಿನ್ನ ಅವ್ವನ ಕಣ್ಣೂ ಮೊದಲಿನಂತಿಲ್ಲ. ಯಾರದೋ ಗಿರಾಕಿಯ ಬಳೆ ಬಂದಿದ್ದರೂ ಬಂದಿರಬಹುದು. ಉಳಿದ ಹತ್ತನ್ನು ಹಾಲೇಶನ ಕೈಯಲ್ಲಿ ಮರಳಿ ಕಳಿಸು. ಮನೆಗೆ ಬೇಡ, ಅಂಗಡಿಗೆ ಕೊಡಲು ಹೇಳು. ಅವ್ವನಿಗೆ ಸುಮ್ಮನೆ ಯಾಕೆ ಬೇಜಾರು.

ನಿನ್ನ ಕಪ್ಪು ದ್ರವ್ಯದ ಸುದ್ದಿಯನ್ನು ಊಟದ ಹೊತ್ತಿಗೆ ಅವಳಿಗೆ ಹೇಳಿದೆ. "ಕಣ್ಣಿಗೆ ಕಾಣದ್ದು ಅದ ಅಂತ ಹೆಂಗ ಹೇಳ್ತಾರ?" ಎಂದು ನಾನು ನಕ್ಕರೆ ಅವಳು ನಗಲಿಲ್ಲ. "ಅದಕ್ಕೇನ, ಇರೂದು ಗೊತ್ತಾಗ್ತದ" ಎಂದು ರೊಟ್ಟಿ ಹಾಕಿ ಎದ್ದು ಹೋದಳು. ನಿಮ್ಮ ಅವ್ವ ವಿಜ್ಞಾನಿ ಆಗಿಬಿಟ್ಟಿದ್ದಾಳೆ! ನನಗೆ ಮಾತ್ರ ತಿಳಿಯುವ ಹಾಗೆ ಬಿಡಿಸಿ ಬರೆ. ಮೊದಲ ಸಾಲಿನಲ್ಲಿ ಕೂತು ಪೆದ್ದನ ಹಾಗೆ ಕಾಣಬಾರದಲ್ಲ.

ನಿನ್ನ ಅಪ್ಪ
ಬಾಳಾಸಾಹೇಬ


ಬೀಳಗಿ
೩೧ ಆಗಸ್ಟ್ ೨೦೨೫

ಅಪ್ಪಾ,

ಬಳೆ ಕಳಿಸಿಲ್ಲ. ಕಾರಣ ಕೊನೆಯಲ್ಲಿ ಹೇಳುತ್ತೇನೆ, ಮೊದಲು ನಿಮ್ಮ ಪ್ರಶ್ನೆ.

ಸೂರ್ಯನ ಹತ್ತಿರ ಇರುವ ಬುಧ ಎಂಬತ್ತೆಂಟು ದಿನಕ್ಕೆ ಒಂದು ಸುತ್ತು ಹಾಕುತ್ತದೆ. ದೂರದ ಶನಿಗೆ ಇಪ್ಪತ್ತೊಂಬತ್ತು ವರ್ಷ ಬೇಕು. ದಾರಿ ಉದ್ದ ಎಂಬುದಷ್ಟೇ ಕಾರಣವಲ್ಲ, ಶನಿಯ ನಡಿಗೆಯೇ ನಿಧಾನ. ದೂರ ಹೋದಂತೆ ಸೂರ್ಯನ ಸೆಳೆತ ಕಡಿಮೆಯಾಗುತ್ತದೆ. ಬುಧನ ವೇಗದಲ್ಲಿ ಶನಿ ಓಡಿದರೆ ಅದನ್ನು ಹಿಡಿದುಕೊಳ್ಳಲು ಸೂರ್ಯನಿಂದ ಆಗುವುದಿಲ್ಲ, ಅದು ತನ್ನ ಪಾಡಿಗೆ ಹೊರಟುಹೋಗುತ್ತದೆ.

ಕೋಟಿ ಕೋಟಿ ನಕ್ಷತ್ರಗಳು ಕೂಡಿದ ಗುಂಪಿಗೆ ಗೆಲಾಕ್ಸಿ ಎನ್ನುತ್ತೇವೆ. ಅಲ್ಲಿ ಬೆಳಕೆಲ್ಲ ಹೆಚ್ಚಾಗಿ ನಡುವೆ ತುಂಬಿದೆ. ಹಾಗಾದರೆ ಅಂಚಿನ ನಕ್ಷತ್ರಗಳು ಶನಿಯಂತೆ ನಿಧಾನ ಹೋಗಬೇಕು. ಅಳೆದು ನೋಡಿದರೆ ಹಾಗಿಲ್ಲ. ಅವು ಒಳಗಿನ ನಕ್ಷತ್ರಗಳಷ್ಟೇ ಜೋರಾಗಿ ಓಡುತ್ತಿವೆ, ಆದರೂ ಚೆದುರುತ್ತಿಲ್ಲ. ಕಾಣುವ ನಕ್ಷತ್ರಗಳನ್ನೂ ಧೂಳನ್ನೂ ಅನಿಲವನ್ನೂ ಒಟ್ಟುಮಾಡಿದರೂ ಅವನ್ನು ಹಿಡಿದಿಡುವಷ್ಟು ಭಾರ ಆಗುವುದಿಲ್ಲ. ಅಂದಮೇಲೆ ಕಾಣದ ಭಾರ ಒಂದಿದೆ. ಅದೂ ಸ್ವಲ್ಪವಲ್ಲ, ಜಗತ್ತಿನಲ್ಲಿ ಕಾಣುವ ಬಗೆಯ ವಸ್ತು ಎಷ್ಟಿದೆಯೋ ಅದರ ಐದು ಪಟ್ಟು.

ನೀವು ಸೀರೆಯ ಗಂಟು ಎತ್ತಿದ ಕೂಡಲೇ, "ಇದರಾಗ ಹನ್ನೆರಡಲ್ಲ, ಹದಿನೈದ ಅದಾವ" ಎನ್ನುತ್ತಿದ್ದಿರಲ್ಲ. ಬಿಚ್ಚಿ ನೋಡುತ್ತಿರಲಿಲ್ಲ, ತೋಳಿಗೆ ಗೊತ್ತಾಗುತ್ತಿತ್ತು. ಇದೂ ಹಾಗೆಯೇ.

ಹೆಸರು ಕಪ್ಪು, ಆದರೆ ಅದಕ್ಕೆ ಬಣ್ಣವೇ ಇಲ್ಲ. ಅದು ಹೊಳೆಯುವುದಿಲ್ಲ, ಬೆಳಕಿಗೆ ಅಡ್ಡವೂ ಬರುವುದಿಲ್ಲ. ದೂರದ ಬೆಳಕು ಅದರ ಪಕ್ಕ ಹಾಯುವಾಗ ಸ್ವಲ್ಪ ಬಾಗುತ್ತದೆ, ಅದು ಇನ್ನೊಂದು ಸಾಕ್ಷಿ. ಯಾವುದರಿಂದ ಆಗಿದೆ ಎಂದು ಯಾರಿಗೂ ತಿಳಿದಿಲ್ಲ. ನೆಲದ ಆಳದಲ್ಲಿ ಯಂತ್ರ ಇಟ್ಟು ಎಷ್ಟೋ ವರ್ಷಗಳಿಂದ ಕಾಯುತ್ತಿದ್ದಾರೆ, ಇನ್ನೂ ಕೈಗೆ ಸಿಕ್ಕಿಲ್ಲ. ಸೆಳೆತದ ನಿಯಮವನ್ನೇ ನಾವು ತಪ್ಪು ತಿಳಿದಿದ್ದೇವೆ ಎನ್ನುವವರೂ ಕೆಲವರಿದ್ದಾರೆ, ಆದರೆ ಸಾಕ್ಷಿಗಳೆಲ್ಲ ಹೆಚ್ಚಾಗಿ ಈ ಕಡೆಗೇ ಇವೆ.

ಇದರಿಂದ ನಮಗೇನು ಎಂದು ಮಕ್ಕಳು ಕೇಳುತ್ತಾರೆ. ಜಗತ್ತು ಹುಟ್ಟಿದ ಹೊಸತರಲ್ಲಿ ಮೊದಲು ಒಟ್ಟುಗೂಡಿದ್ದು ಈ ಕಪ್ಪು ದ್ರವ್ಯ. ಅದರ ಸೆಳೆತಕ್ಕೆ ಅನಿಲ ಬಂದು ಬಿದ್ದು ನಕ್ಷತ್ರವಾಯಿತು. ಅದಿಲ್ಲದಿದ್ದರೆ ನಮ್ಮ ಗೆಲಾಕ್ಸಿ ಕೂಡುತ್ತಿರಲಿಲ್ಲ, ಸೂರ್ಯ ಇರುತ್ತಿರಲಿಲ್ಲ, ನಾವು ಕಾಗದ ಬರೆಯುತ್ತಿರಲಿಲ್ಲ.

ಈಗ ಬಳೆ. ಒಂದು ತಪ್ಪಾದ ಬಳೆಗೆ ನೀವು ಮೂರು ಕಾರಣ ಬರೆದಿರಿ. ಅವ್ವನ ಕಣ್ಣಿನ ಆಪರೇಷನ್ ಫೆಬ್ರುವರಿಯಲ್ಲೇ ಜಮಖಂಡಿಯಲ್ಲಿ ಆಗಿದೆ, ಕೈ ಹಿಡಿದು ಕರೆದೊಯ್ದವಳು ನಾನೇ. ಈಗ ಸೂಜಿಗೆ ದಾರ ಪೋಣಿಸುತ್ತಾಳೆ. ಮುತ್ತಪ್ಪಜ್ಜನಿಗೆ ಫೋನ್ ಮಾಡಿದೆ. ಅವನು, "ಅದನ್ನ ನನಗ್ಯಾಕ ಕೇಳ್ತಿ ತಂಗಿ" ಎಂದು ಇಟ್ಟುಬಿಟ್ಟ. ಆಮೇಲೆ ಹಾಲೇಶಣ್ಣನನ್ನು ಕೇಳಿದೆ. "ಪ್ರತಿ ವರ್ಷ ಎರಡು ಗಂಟು ಇರ್ತಾವ್ರಿ ಅಕ್ಕಾರ. ಕೆಂಪು ದಾರದ್ದು ಲೋಕಾಪುರಕ್ಕ, ಹಸಿರು ದಾರದ್ದು ನಿಮಗ" ಎಂದ. ಕಳಿಸುವವರು ಯಾರು ಎಂದರೆ, ನಿಮ್ಮೂರ ಪಕ್ಕದ ಬನಹಟ್ಟಿ ಸ್ಟ್ಯಾಂಡಿನ ಹಮಾಲ ತಂದು ಕೊಡುತ್ತಾನೆ, ಹೆಚ್ಚು ತನಗೆ ತಿಳಿಯದು ಎಂದ.

ಲೋಕಾಪುರದ ಸಂತೆ ಒಂದು ದಿನದ್ದು. ನೀವು ಅದಕ್ಕೆ ಮೂರು ದಿನ ಹೋಗುತ್ತಿದ್ದಿರಿ. ನಾನು ಹೈಸ್ಕೂಲಿನಲ್ಲಿದ್ದಾಗಿನಿಂದ ಹೀಗೆಯೇ. ನಾನು ಒಮ್ಮೆಯೂ ಕೇಳಲಿಲ್ಲ, ಅಪ್ಪ ಅಂದರೆ ಅಪ್ಪ ಎಂದುಕೊಂಡಿದ್ದೆ.

ಈ ಬಳೆ ಯಾರವು? ಊರವರ ಬಾಯಿಂದ ಕೇಳುವ ಮೊದಲು ನಿಮ್ಮ ಬಾಯಿಂದ ಕೇಳಬೇಕು.

ಅಕ್ಕೂ


ರಬಕವಿ
೧೪ ಸೆಪ್ಟೆಂಬರ್ ೨೦೨೫

ಅಕ್ಕೂ,

ನಾಲ್ಕು ಸಲ ಬರೆದು ಹರಿದೆ. ಇದು ಐದನೆಯದು.

ಲೋಕಾಪುರದಲ್ಲಿ ಒಂದು ಮನೆ ಇದೆ. ಅವಳ ಹೆಸರು ಕಸ್ತೂರೆವ್ವ. ಮಗಳು ಪ್ರೀತಿ, ಹತ್ತೊಂಬತ್ತು ವರ್ಷದವಳು, ಮುಧೋಳದಲ್ಲಿ ಬಿ.ಎ. ಓದುತ್ತಾಳೆ. ನನಗೆ ಹುಟ್ಟಿದವಳು. ಸವಾ ಎರಡು ಅವಳ ಕೈಯ ಅಳತೆ.

ಆ ಗಂಟು ನಾನು ಕಳಿಸಿದ್ದಲ್ಲ, ನಿನ್ನ ಮೇಲಾಣೆ. ಪಂಚಮಿಗೆ ಅಲ್ಲಿ ಉಂಡಿ ಇರುತ್ತಿದ್ದವು. ಕಸ್ತೂರೆವ್ವನ ತವರಿನಿಂದ ಬರುತ್ತವೆ ಎಂದು ತಿಳಿದಿದ್ದೆ. ಈಗ ನೋಡಿದರೆ ಇದು ಮುತ್ತಪ್ಪನ ಕೆಲಸ ಇರಬೇಕು. ಅವನು ಲೋಕಾಪುರಕ್ಕೂ ಹೋಗುತ್ತಾನೆ, ಆ ಹುಡುಗಿಯ ಮೇಲೆ ಅವನಿಗೆ ಅಂತಃಕರಣ ಇದೆ.

ನನ್ನನ್ನು ಏನು ಬೇಕಾದರೂ ಅನ್ನು, ತಲೆ ಬಗ್ಗಿಸಿ ಕೇಳುತ್ತೇನೆ. ಅವ್ವನಿಗೆ ಮಾತ್ರ ಹೇಳಬೇಡ. ಅವಳಿಗೆ ಒಂದಿಷ್ಟೂ ಗೊತ್ತಿಲ್ಲ. ಗೊತ್ತಾದರೆ ಉಳಿಯುವುದಿಲ್ಲ. ಇದೊಂದನ್ನು ನಡೆಸಿಕೊಡು.

ಅಪ್ಪ


ಬೀಳಗಿ
೨೮ ಸೆಪ್ಟೆಂಬರ್ ೨೦೨೫

ಬಾಳಾಸಾಹೇಬರಿಗೆ,

ಉಪನ್ಯಾಸದ ದಿನ ನೀವು ಕೊನೆಯ ಬೆಂಚಿನಲ್ಲಿ, ಕಂಬದ ಮರೆಯಲ್ಲಿ ಕೂತಿದ್ದು ನೋಡಿದೆ. ಒಂಬತ್ತನೆಯ ತರಗತಿಯ ಹುಡುಗಿಯೊಬ್ಬಳು ಎದ್ದು, "ಆ ಕಪ್ಪು ದ್ರವ್ಯ ಈಗಿಂದೀಗ ಇಲ್ಲದಂಗ ಆದ್ರ ಏನಾಗ್ತದ್ರಿ ಮೇಡಮ್?" ಎಂದು ಕೇಳಿದಳು. ಅಂಚಿನ ನಕ್ಷತ್ರಗಳೆಲ್ಲ ಚೆದುರಿ ಹೋಗುತ್ತವೆ ಎಂದೆ. ಆಗ ನೀವು ಎದ್ದು ಹೊರಗೆ ಹೋದಿರಿ. ಶಾಲೆಯಿಂದ ನಮ್ಮ ಮನೆಗೆ ಹತ್ತು ನಿಮಿಷದ ದಾರಿ. ನಾನು ಆ ಕಡೆ ತಿರುಗಲಿಲ್ಲ, ಲೋಕಾಪುರದ ಬಸ್ಸು ಹತ್ತಿದೆ.

ಬೈಯಬೇಕೆಂದೇ ಹೋಗಿದ್ದೆ. ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡಿದ್ದೆ. ಬಾಗಿಲು ತೆರೆದವಳ ಮೂಗು ನಿಮ್ಮದು, ನನ್ನದು. ಕೈಯಲ್ಲಿ ನನ್ನ ಅಳತೆಯ ಬಳೆ. ಜಾರಿ ಬೀಳದಂತೆ ಒಂದೊಂದಕ್ಕೂ ದಾರ ಸುತ್ತಿ ತೊಟ್ಟುಕೊಂಡಿದ್ದಾಳೆ. ಯಾಕೆ ಎಂದು ಕೇಳಿದೆ. "ಅಪ್ಪಾರ ಕಳಿಸಿದ್ದು, ದೊಡ್ಡವಾದ್ರೂ ಹೆಂಗ ತಗೀಲ್ರಿ ಅಕ್ಕಾರ" ಎಂದಳು. ಅಕ್ಕಾರ ಎಂದಾಗ ನಾನು ಯಾರೆಂದು ಅವಳಿಗೆ ಗೊತ್ತಿತ್ತು. ನನ್ನ ಫೋಟೋ ಅವರ ಗೋಡೆಯ ಮೇಲಿದೆ, ನನ್ನ ಘಟಿಕೋತ್ಸವದ್ದು. ನನ್ನನ್ನು ಅವರಿಗೆ ತೋರಿಸಿದ್ದೀರಿ, ಅವರನ್ನು ನನಗೆ ತೋರಿಸಲಿಲ್ಲ.

ಕಸ್ತೂರೆವ್ವ ಚಹಾ ಕೊಟ್ಟರು. ಗಂಟು ಪ್ರತಿ ವರ್ಷ ನೀವೇ ಕಳಿಸುತ್ತೀರಿ ಎಂದು ಅವರು ತಿಳಿದಿದ್ದಾರೆ. "ಉಂಡಿ ಛಲೋ ಆಗಿದ್ದುವು ಅಂದ್ರ, ಹೂಂ ಅಂತಿದ್ರು" ಎಂದರು. ಆಮೇಲೆ ಗಂಟಿನ ಅರಿವೆಗಳನ್ನು ತಂದಿಟ್ಟರು. ಒಂದನ್ನೂ ಎಸೆದಿಲ್ಲ, ಒಗೆದು ಮಡಚಿ ಇಟ್ಟಿದ್ದಾರೆ. ಹತ್ತೊಂಬತ್ತು ಅರಿವೆ. ಮೇಲಿನದು ನೀಲಿ ಸೀರೆಯ ಇನ್ನರ್ಧ. ಅದರ ಕೆಳಗೆ ಅವ್ವ ನನ್ನ ಎಸ್ಸೆಸ್ಸೆಲ್ಸಿ ಫಲಿತಾಂಶದ ದಿನ ಉಟ್ಟಿದ್ದ ಹಳದಿ ಅಂಚಿನದು, ಅಜ್ಜಿಯ ದಿನಕರ್ಮಕ್ಕೆ ಉಟ್ಟಿದ್ದು, ನನ್ನ ಮದುವೆಗೆ ಅರಿಷಿಣ ಹತ್ತಿ ಕಲೆಯಾದದ್ದು. ಎಲ್ಲ ಅವ್ವನ ಸೀರೆ, ಎಲ್ಲ ಅವ್ವನ ಕೈಯಲ್ಲಿ ಹರಿದದ್ದು.

ಅವಳಿಗೆ ಒಂದಿಷ್ಟೂ ಗೊತ್ತಿಲ್ಲ ಎಂದು ಬರೆದಿರಿ. ನೂರು ಸೀರೆಯಲ್ಲಿ ಒಂದರ ಅಂಚು ಮುಟ್ಟಿ ಯಾವ ಮಗ್ಗದ್ದು ಎಂದು ಹೇಳುವವರು ನೀವು. ಹತ್ತೊಂಬತ್ತು ಪಂಚಮಿ ಅದೇ ಮನೆಯಲ್ಲಿ ಕೂತು ನಿಮ್ಮ ಹೆಂಡತಿಯ ಸೀರೆಯನ್ನು ಗುರುತು ಹಿಡಿಯಲಿಲ್ಲ.

ದೀಪಾವಳಿಗೆ ಬರುವುದಿಲ್ಲ.

ಅಕ್ಷತಾ


ರಬಕವಿ
೧೨ ಅಕ್ಟೋಬರ್ ೨೦೨೫

(ಸಾವಿತ್ರೆವ್ವ ಹೇಳಿದ್ದು. ಅವಳಿಗೆ ಬರೆಯಲು ಬಾರದು, ಅದಕ್ಕೆ ನಾನು ಬರೆಯುತ್ತಿದ್ದೇನೆ.)

ಅಕ್ಕವ್ವಾ, ನಾ ನಿಮ್ಮವ್ವ. ಹೇಳಿದ್ದು ಅಷ್ಟೂ ಬರೀಬೇಕು, ಒಂದ ಮಾತೂ ನುಂಗಬಾರದು ಅಂತ ನಿಮ್ಮಪ್ಪನ ಕಡಿಂದ ಬಸವಣ್ಣನ ಮ್ಯಾಲ ಆಣಿ ಮಾಡಿಸೇನಿ.

ನಿನ್ನ ಕಾಗದ ನನಗ ಓದಿ ಹೇಳಲಿಲ್ಲ. ದೀಪಾವಳಿಗೆ ಅಕ್ಕೂ ಬರ್ತಾಳೇನ್ರಿ ಅಂತ ಕೇಳಿದೆ, ಅಳಾಕ ಹತ್ತಿದ್ರು. ಲೋಕಾಪುರದ್ದು ಆಕಿಗೆ ಗೊತ್ತಾತೇನು ಅಂದೆ. ಅಳೂದು ನಿಂತು ಬಾಯಿ ತೆರಕೊಂಡು ಕೂತ್ರು. ಬರಿರಿ, ಯಾಕ ನಿಂತ್ರಿ? ಬಾಯಿ ತೆರಕೊಂಡು ಕೂತ್ರು ಅಂತ ಬರಿರಿ.

ಹೆಂಗ ಗೊತ್ತಾತು ಅಂತಿ? ಸಂತ್ಯಾಗ ಮಾರದ ಉಳಿದ ಸೀರಿ ತಿರುಗಿ ಮನಿಗೆ ಬರ್ತಿದ್ದುವು. ನಾ ಅಂಚು ಒಳಗ ಹಾಕಿ ಮಡಚ್ತೇನಿ. ತಿರುಗಿ ಬಂದಾಗ ಅಂಚು ಹೊರಗ ಇರ್ತಿತ್ತು. ಗಂಡಸರ ಕೈಮಡಿಕಿ ಹಂಗ ಇರೂದಿಲ್ಲ. ಭಾಳ ಚಂದ ಮಡಚಿರ್ತಿದ್ಲು. ಆಕಿ ಮಾರಿ ನೋಡಿಲ್ಲ ನಾ ಇವತ್ತಿನ ತನಕ, ಕೈ ಮಾತ್ರ ಗೊತ್ತು. ಆಮ್ಯಾಲ ಕೂಸು ಹುಟ್ಟಿದ್ದು ಮುತ್ತಪ್ಪ ಹೇಳಿದ. ಹೆಣ್ಣಕೂಸಿಗೆ ಪಂಚಮಿ ತಪ್ಪಬಾರದು, ಆಕೀದೇನ ತಪ್ಪು? ಅಳತಿ ಅವನ ತಂದು ಹೇಳ್ತಿದ್ದ, ವರ್ಷಾ ವರ್ಷಾ ಬಳಿ ದೊಡ್ಡವು ಆಗ್ತಿದ್ದುವು.

ನೀ ಆವಾಗ ಹತ್ತನೇತ್ತೆ. ಬಾಯಿ ಬಿಟ್ಟಿದ್ರ ಮನಿ ಒಡೀತಿತ್ತು. ನಿಮ್ಮ ಮುತ್ಯಾ ನಿನ್ನ ಸಾಲಿ ಬಿಡಿಸಿ ಯಾರಿಗರೆ ಕೊಟ್ಟು ಕೈ ತೊಳಕೊಳ್ತಿದ್ದ. ಹಂಗಂತ ಸುಮ್ಮನಾದೆ. ನೀ ಧಾರವಾಡಕ್ಕ ಹೋದಿ, ಕಲತಿ, ಮಾಸ್ತರಿ ಆದಿ. ಅಷ್ಟೊತ್ತಿಗೆ ಸುಮ್ಮನಿರೂದ ರೂಢಿ ಆಗಿತ್ತು.

ಆ ಉಂಡಿ ಆಕಿ ತವರಿನವು ಅಂತ ತಿಳಿದಿದ್ದೆ ಅಂತಾರ ನಿಮ್ಮಪ್ಪ. ಮೂವತ್ತಾರು ವರ್ಷ ನನ್ನ ಕೈಯಾಗ ಉಂಡ ಮನಷ್ಯಾಗ ನನ್ನ ಉಂಡಿ ರುಚಿ ಗೊತ್ತಾಗಲಿಲ್ಲ ನೋಡು. ಎರಡನೇ ಹೆಂಡತಿ ಮಾಡಿದ್ದಕ್ಕ ನಾ ಅತ್ತಿದ್ದಿಲ್ಲ. ಮೊನ್ನೆ ಈ ಮಾತಿಗೆ ಅತ್ತೆ. ಇದನ್ನೂ ಬರಿರಿ.

ದಾರ ಕಣ್ಣು ಮಂಜಾಗಿ ತಪ್ಪಿದ್ದಲ್ಲ. ಈಗ ಎಲ್ಲಾ ಬಣ್ಣಾ ನನಗ ಚಲೋತ್ನಾಗಿ ಕಾಣಸ್ತಾವ. ಕೆಂಪು ಯಾವುದು, ಹಸಿರು ಯಾವುದು ಅಂತ ನೋಡಿನ ಅದಲುಬದಲು ಸುತ್ತಿದೆ. ನಾ ಒಬ್ಬಾಕಿನ ಎಷ್ಟು ದಿನ ಹೊರಲಿ? ನೀ ಶಾಣ್ಯಾಕಿ, ಬಳಿ ನೋಡಿ ತಿಳಕೊಳ್ತಿ ಅಂತ ಗೊತ್ತಿತ್ತು.

ನಿನಗ ಸಿಟ್ಟು ಬಂದಿದ್ರ ಬೈದು ಬರಿ. ಆದ್ರ ಬರಿ.

ನಿಮ್ಮವ್ವ

(ಇಷ್ಟು ಹೇಳಿ ಅಡುಗೆಮನೆಗೆ ಹೋದಳು. ನಾನು ಏನನ್ನೂ ಬಿಟ್ಟಿಲ್ಲ. ಬಾ.)


ಬೀಳಗಿ
೨೬ ಅಕ್ಟೋಬರ್ ೨೦೨೫

ಅವ್ವಾ,

ಇದನ್ನು ನಿನಗೆ ಅಪ್ಪ ಓದಿ ಹೇಳುತ್ತಾರೆ. ನೀನು ಹಾಕಿಸಿದ ಆಣೆ ಇದಕ್ಕೂ ಇರಲಿ, ಒಂದು ಮಾತೂ ಬಿಡಬಾರದು.

ಅಪ್ಪನ ಮೋಸ ತಿಳಿದ ದಿನ ನನಗೆ ಓಡಿ ಬರಬೇಕೆನಿಸಿದ್ದು ನಿನ್ನ ಹತ್ತಿರ. ನಿನ್ನ ತೊಡೆಯ ಮೇಲೆ ತಲೆ ಇಟ್ಟು, ಅವ್ವಾ ನಿನಗೆ ಹೀಗಾಗಬಾರದಿತ್ತು ಎಂದು ಅಳಬೇಕೆಂದಿದ್ದೆ. ಲೋಕಾಪುರದಲ್ಲಿ ಆ ಅರಿವೆಗಳನ್ನು ನೋಡಿದ ಮೇಲೆ ಓಡಿ ಹೋಗಲು ನನಗೆ ಮನೆಯೇ ಉಳಿಯಲಿಲ್ಲ. ಒಬ್ಬರು ಮೋಸ ಮಾಡಿದ್ದರೆ ಇನ್ನೊಬ್ಬರ ಕಡೆ ನಿಲ್ಲಬಹುದಿತ್ತು. ನೀವಿಬ್ಬರೂ ಸೇರಿ ನನ್ನನ್ನು ಹೊರಗಿಟ್ಟಿರಿ.

ನನ್ನ ಓದಿಗಾಗಿ ಸುಮ್ಮನಿದ್ದೆ ಎಂದೆ. ಆ ಓದು ಮುಗಿದು ಹತ್ತು ವರ್ಷವಾಯಿತು. ಈ ಹತ್ತು ವರ್ಷ ಯಾರಿಗಾಗಿ? ಬಸಿರು ನಿಲ್ಲದೆ ಹೋದಾಗ ನಾನು ಆಸ್ಪತ್ರೆಯಿಂದ ಫೋನ್ ಮಾಡಿದ್ದು ನಿನಗೆ, ವೀರೇಶನಿಗಿಂತ ಮೊದಲು. ನಾನು ನಿನ್ನಿಂದ ಏನನ್ನೂ ಮುಚ್ಚಿಡಲಿಲ್ಲ. ನೀನು ನನ್ನ ತಂಗಿಯನ್ನೇ ಮುಚ್ಚಿಟ್ಟೆ. ಕೊನೆಗೆ ಹೇಳುವ ಮನಸ್ಸಾದಾಗಲೂ ನಿನ್ನ ಬಾಯಿಂದ ಹೇಳಲಿಲ್ಲ, ಒಂದು ದಾರ ಬದಲಿಸಿ ಬಳೆಯಿಂದ ಹೇಳಿಸಿದೆ. ಅದು ಒಡೆದು ನನ್ನ ಕೈಗೆ ಚುಚ್ಚಿದ ಗಾಯದ ಕಲೆ ಇನ್ನೂ ಇದೆ.

ಕಾಣದ ಭಾರ ಇಲ್ಲದಿದ್ದರೆ ನಕ್ಷತ್ರಗಳು ಚೆದುರುತ್ತಿದ್ದವು ಎಂದು ನಮ್ಮೂರಲ್ಲಿ ನಿಂತು ಹೇಳಿ ಬಂದವಳು ನಾನೇ. ನೀನು ಮನೆ ಹಿಡಿದಿದ್ದೆ, ನಿಜ. ಆದರೆ ನಾನು ನಕ್ಷತ್ರ ಅಲ್ಲ ಅವ್ವಾ. ಚೆದುರಬೇಕೋ ಬೇಡವೋ ಎಂದು ನನ್ನನ್ನು ಒಂದು ಮಾತು ಕೇಳಬಹುದಾಗಿತ್ತು.

ಪ್ರೀತಿಯ ಹತ್ತು ಬಳೆಗಳನ್ನು ಮೊನ್ನೆ ಹೋಗಿ ಅವಳಿಗೆ ತೊಡಿಸಿ ಬಂದೆ. ಸರಿಯಾಗಿ ಕೂತವು. ದಾರ ಸುತ್ತಿದ ನನ್ನವನ್ನು ಬಿಚ್ಚಿ ಕೊಟ್ಟಳು, ಕೊಡುವಾಗ ಮುಖ ಸಣ್ಣದಾಯಿತು. ಅವಕ್ಕೆ ಸುತ್ತಿದ ದಾರವನ್ನು ನಾನಿನ್ನೂ ಬಿಚ್ಚಿಲ್ಲ, ತೊಟ್ಟೂ ಇಲ್ಲ.

ಇನ್ನು ಕಾಗದ ಬೇಡ. ಬರೆಯಲು ನಿನಗೆ ಅಪ್ಪ ಬೇಕು, ಮಾತಾಡಲು ಬೇಡ. ಒಬ್ಬಳೇ ಬಸ್ಸು ಹತ್ತಿ ಬಾ. ಉಂಡಿ ತರಬೇಡ, ಗಂಟು ಕಟ್ಟಬೇಡ. ಇಪ್ಪತ್ತು ವರ್ಷದ ಮಾತನ್ನು ನನ್ನ ಮುಖ ನೋಡಿ, ನಿನ್ನ ಬಾಯಿಂದ ಹೇಳು. ಬಂದರೆ ಬಾಗಿಲು ತೆರೆಯುತ್ತೇನೆ. ಅದಕ್ಕಿಂತ ಹೆಚ್ಚಿನ ಮಾತನ್ನು ಈಗ ಕೊಡಲಾರೆ.

ಅಪ್ಪಾ, ಇಲ್ಲಿಯ ತನಕ ಓದಿ ಹೇಳಿದ್ದರೆ ಸಾಕು. ಈ ಕಾಗದದಲ್ಲಿ ನಿಮಗೆಂದು ಏನೂ ಬರೆದಿಲ್ಲ.

ಅಕ್ಷತಾ